ಓದುಗರ ಪ್ರಶ್ನೆ, ಸವಾರರ ಉತ್ತರ: ಆಲ್ಪ್ಸ್ ಏರು, ಮಯೋರ್ಕಾ ತಿರುವು

ಯುರೋಪಿನ ಬೆಟ್ಟದ ರಸ್ತೆಗಳಲ್ಲಿ ರೋಡ್ ಬೈಕ್ ತುಳಿಯಲು ಹೊರಟಿರುವ ಓದುಗರ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬಹಳ ಮಂದಿ ವಿಚಾರಿಸಿರುವುದು ಫ್ರಾನ್ಸಿನ ಬೆಟ್ಟಗಳು ಮತ್ತು ಸ್ಪೇನಿನ ಮಯೋರ್ಕಾ ದ್ವೀಪದ ಬಗ್ಗೆ. ಎಲ್ಲರ ಆತಂಕವೂ ಕಾಲಿನ ಬಲದ್ದು. ನಮ್ಮ ಉತ್ತರಗಳು ಮಾತ್ರ ಗೇರು, ಬ್ರೇಕು, ಚಳಿ ಮತ್ತು ಊಟದ ಹೊತ್ತಿನ ಸುತ್ತಲೇ ಹೆಚ್ಚು ಸುತ್ತುತ್ತವೆ, ಏಕೆಂದರೆ ಅಲ್ಲಿ ಪ್ರವಾಸ ಕೆಡುವುದು ಸಾಮಾನ್ಯವಾಗಿ ಇವುಗಳಿಂದಲೇ.

ಪ್ರಶ್ನೆ: ವಾರಕ್ಕೊಮ್ಮೆ ನಂದಿ ಬೆಟ್ಟ ಹತ್ತುತ್ತೇನೆ. ಫ್ರಾನ್ಸಿನ ಆಲ್ಪ್ಸ್ ಬೆಟ್ಟದ ಆಲ್ಪ್ ದ್ಯುಯೆಜ್ ಏರು ಹತ್ತಲು ಸಾಧ್ಯವೇ? ಸೈಕಲ್ಲಿಗೆ ಮುಂದೆ 50/34, ಹಿಂದೆ 11-28 ಹಲ್ಲಿನ ಗೇರು ಇದೆ. ನನ್ನ ತೂಕ 75 ಕೆ.ಜಿ. (ಬೆಂಗಳೂರು)

ಹತ್ತುತ್ತೀರಿ. ಆದರೆ ಹಿಂದಿನ 28 ಹಲ್ಲಿನ ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಗಾಲಿಗಳ ಗೊಂಚಲು) ಬದಲಿಸಿಕೊಂಡು ಹೋಗಿ.

ನಂದಿಯ ಏರು ಏಳೆಂಟು ಕಿ.ಮೀ. ಮಾತ್ರ, ನಡುನಡುವೆ ಕಾಲಿಗೆ ಬಿಡುವು ಸಿಗುವ ಜಾಗಗಳೂ ಇವೆ. ಆಲ್ಪ್ ದ್ಯುಯೆಜ್ ಏರು ಬೂರ್ ದ್ವಾಜಾನ್ ಊರಿನಿಂದ 13.8 ಕಿ.ಮೀ., ಸರಾಸರಿ ಶೇ. 8ರಷ್ಟು ಕಡಿದು, ಒಟ್ಟು ಸುಮಾರು 1,100 ಮೀ. ಎತ್ತರ. ಇದರಲ್ಲಿ ಅತ್ಯಂತ ಕಷ್ಟದ ಭಾಗ ಕೊನೆಯಲ್ಲಿಲ್ಲ, ಆರಂಭದಲ್ಲಿದೆ. ಮೊದಲ ಎರಡು ಕಿ.ಮೀ. ಶೇ. 10ರ ಆಸುಪಾಸು. ಹೊಸಬರು ಉತ್ಸಾಹದಲ್ಲಿ ಅಲ್ಲೇ ಕಾಲಿನ ಶಕ್ತಿಯನ್ನೆಲ್ಲ ಖರ್ಚು ಮಾಡಿಬಿಡುತ್ತಾರೆ.

ಗೇರಿನ ಲೆಕ್ಕ ನೋಡಿ. ಚಕ್ರದ ಸುತ್ತಳತೆ ಸುಮಾರು 2.1 ಮೀ. ಮುಂದೆ 34, ಹಿಂದೆ 28 ಇದ್ದರೆ ನಿಮಿಷಕ್ಕೆ 60 ಸುತ್ತು ತುಳಿದಾಗ ವೇಗ ಗಂಟೆಗೆ 9.2 ಕಿ.ಮೀ. ನೀವು ಮತ್ತು ಸೈಕಲ್ ಸೇರಿ 84 ಕೆ.ಜಿ. ಅಂದುಕೊಂಡರೆ ಶೇ. 8ರ ಏರಿನಲ್ಲಿ ಈ ವೇಗಕ್ಕೆ ಸುಮಾರು 180 ವಾಟ್ ಬೇಕು, ಅದನ್ನು ಒಂದೂವರೆ ಗಂಟೆ ಬಿಡದೆ ಕೊಡಬೇಕು. ಹಿಂದೆ 34 ಹಾಕಿಸಿದರೆ ಅದೇ 60 ಸುತ್ತಿಗೆ ವೇಗ 7.6 ಕಿ.ಮೀ.ಗೆ ಇಳಿದು, ಬೇಕಾದ ಶಕ್ತಿ 150 ವಾಟ್ ಆಸುಪಾಸಿಗೆ ಬರುತ್ತದೆ. ಏರಲು ಇಪ್ಪತ್ತು ನಿಮಿಷ ಹೆಚ್ಚು ಹಿಡಿದರೂ ಮಂಡಿ ಉಳಿಯುತ್ತದೆ, ಮಾರನೆಯ ದಿನದ ಸವಾರಿಯೂ ಉಳಿಯುತ್ತದೆ.

ಕ್ಯಾಸೆಟ್ ಬದಲಿಸುವಾಗ ಹಿಂದಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಯಾವುದೆಂದು ಮೊದಲು ನೋಡಿ. ಶಿಮಾನೋದ 11 ಸ್ಪೀಡ್ 105 ಆರ್7000 ಅಥವಾ ಅಲ್ಟೆಗ್ರ ಆರ್8000 ಆದರೆ, ಗಿಡ್ಡ ಕೇಜಿನದು (ಕೇಜ್ ಎಂದರೆ ಡಿರೇಲರಿನಿಂದ ಕೆಳಕ್ಕಿಳಿದ ತೋಳು) 30 ಹಲ್ಲಿನವರೆಗೆ ಮಾತ್ರ, ಉದ್ದ ಕೇಜಿನದು 34ರವರೆಗೆ ಹೋಗುತ್ತದೆ. ಅವರ 11-34 ಕ್ಯಾಸೆಟ್ಟನ್ನು 11 ಸ್ಪೀಡ್ ರೋಡ್ ಹಬ್ಬಿಗೆ (ಚಕ್ರದ ಗುಂಬ) ಹಾಕಲು ಹಿಂದೆ 1.85 ಮಿ.ಮೀ. ಸ್ಪೇಸರ್ ಬಿಲ್ಲೆ ಬೇಕು. ಅದನ್ನು ಮರೆತರೆ ಲಾಕ್‌ರಿಂಗ್ ಎಷ್ಟೇ ಬಿಗಿದರೂ ಕ್ಯಾಸೆಟ್ ಅಲುಗಾಡುತ್ತದೆ. ಚೈನನ್ನೂ ಹೊಸದಾಗಿ, ಮುಂದಿನ ದೊಡ್ಡ ಹಲ್ಲಿಗೆ ಹಿಂದಿನ ದೊಡ್ಡ ಹಲ್ಲು ಕೂಡಿಸಿ ಅಳೆದು ಹಾಕಿಸಿ. ಹಳೆಯ ಚೈನ್ ಗಿಡ್ಡವಾಗಿದ್ದರೆ ಆ ಜೋಡಿಯಲ್ಲಿ ಡಿರೇಲರ್ ಮುರಿದುಕೊಳ್ಳುತ್ತದೆ. ಈ ಕೆಲಸವನ್ನು ಹೊರಡುವ ಮೂರು ವಾರ ಮೊದಲೇ ಮುಗಿಸಿ, ಹೊಸ ಗೇರಿನಲ್ಲಿ ನಂದಿ ಹತ್ತಿ ನೋಡಿ.

ಅಭ್ಯಾಸಕ್ಕೆ ನಂದಿಯನ್ನು ಎರಡು ಸಲ ಹತ್ತುವುದು ಒಳ್ಳೆಯದೇ. ಆದರೆ ನಡುವಿನ ಇಳಿಜಾರಿನಲ್ಲಿ ಕಾಲು ವಿಶ್ರಾಂತಿ ಪಡೆದುಬಿಡುತ್ತದೆ. ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿ ಕಡೆಗಿನ ಉದ್ದ ಏರು ಇದಕ್ಕಿಂತ ಹತ್ತಿರದ ತಾಲೀಮು. ಅದೂ ಆಗದಿದ್ದರೆ ಮನೆಯ ಟ್ರೇನರ್ ಮೇಲೆ, ನಿಮಿಷಕ್ಕೆ 60ರಿಂದ 70 ಸುತ್ತಿನಲ್ಲಿ, ಸೀಟಿನಿಂದ ಏಳದೆ ತೊಂಬತ್ತು ನಿಮಿಷ ತುಳಿಯಿರಿ.

ಇನ್ನು ಅಲ್ಲಿನ ಸುಖದ ಮಾತು. ಈ ರಸ್ತೆಗೆ 21 ಹೇರ್‌ಪಿನ್ ತಿರುವು, ಕೆಳಗಿನದು 21, ಮೇಲಿನದು 1. ಪ್ರತಿ ತಿರುವಿನ ಫಲಕದಲ್ಲೂ ಅಲ್ಲಿ ಟೂರ್ ದ ಫ್ರಾನ್ಸ್ ಹಂತ ಗೆದ್ದವರ ಹೆಸರಿದೆ. 1952ರಲ್ಲಿ ಮೊದಲ ಸಲ ಗೆದ್ದವನು ಇಟಲಿಯ ಫೌಸ್ಟೊ ಕೊಪ್ಪಿ. ತಿರುವಿನ ಜಾಗದಲ್ಲಿ ರಸ್ತೆ ಹೆಚ್ಚೂಕಡಿಮೆ ಸಪಾಟಾಗುತ್ತದೆ. ಹಿಂದೆ ಮುಂದೆ ವಾಹನ ಇಲ್ಲದಾಗ ತಿರುವಿನ ಹೊರಗಿನ ಅಂಚಿನಲ್ಲೇ ಸಾಗಿದರೆ ಏರು ಸಡಿಲವಾಗಿ ಹತ್ತಿಪ್ಪತ್ತು ಮೀಟರ್ ಉಸಿರು ಸಿಗುತ್ತದೆ. ಒಳಗಿನ ಅಂಚು ಗೋಡೆಯಂತೆ ಕಡಿದು. ಸಂಖ್ಯೆ ಇಳಿಯುತ್ತಾ ಹೋಗುವುದನ್ನು ನೋಡುತ್ತಾ ಹತ್ತುವ ಸಂತೋಷ ಬೇರೆ ಏರುಗಳಲ್ಲಿ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಪ್ರಶ್ನೆ: ಸ್ವಂತ ಸೈಕಲ್ ಒಯ್ಯಬೇಕೇ, ಅಲ್ಲಿ ಬಾಡಿಗೆಗೆ ಪಡೆಯಬೇಕೇ? (ಮಂಗಳೂರು)

ಒಂದೇ ಊರಿನಲ್ಲಿ ತಂಗಿ ವಾರದೊಳಗೆ ಮರಳುವುದಾದರೆ ಬಾಡಿಗೆಯೇ ಒಳ್ಳೆಯದು. ಮಯೋರ್ಕಾದಲ್ಲಾಗಲಿ, ಬೂರ್ ದ್ವಾಜಾನ್‌ನಲ್ಲಾಗಲಿ ಒಳ್ಳೆಯ ಕಾರ್ಬನ್ ಸೈಕಲ್, ಆ ಬೆಟ್ಟಕ್ಕೆ ತಕ್ಕ ಗೇರಿನೊಂದಿಗೆ ಸಿಗುತ್ತದೆ. ಏಪ್ರಿಲ್-ಮೇ ಮತ್ತು ಜುಲೈನಲ್ಲಿ ತಿಂಗಳುಗಟ್ಟಲೆ ಮೊದಲೇ ಕಾದಿರಿಸಬೇಕು. ಎರಡು ವಾರ ಮೀರಿದರೆ ಅಥವಾ ನಿಮ್ಮ ಮೈಕಟ್ಟಿಗೆ ಹೊಂದುವ ಅಳತೆ ಅಪರೂಪದ್ದಾದರೆ ಸ್ವಂತದ್ದು ಒಯ್ಯಿರಿ.

ಬಾಡಿಗೆಗೆ ಹೋಗುವವರು ಮೂರು ಅಳತೆ ಬರೆದುಕೊಂಡು ಹೋಗಿ: ಕ್ರ್ಯಾಂಕಿನ ನಡುಬಿಂದುವಿನಿಂದ ಸೀಟಿನ ಮೇಲ್ಭಾಗದವರೆಗೆ, ಸೀಟಿನ ಮೂತಿಯಿಂದ ಹ್ಯಾಂಡಲ್ ಬಾರಿನ ನಡುವಿನವರೆಗೆ, ಮತ್ತು ಸೀಟಿನ ಮೂತಿ ಕ್ರ್ಯಾಂಕಿನ ನೇರಕ್ಕಿಂತ ಎಷ್ಟು ಹಿಂದಿದೆ ಎಂಬುದು. ಮೊದಲನೆಯದರಲ್ಲಿ ಅರ್ಧ ಸೆಂ.ಮೀ. ತಪ್ಪಿದರೂ ಮೂರನೆಯ ದಿನ ಮಂಡಿ ದೂರುತ್ತದೆ. ನಿಮ್ಮ ಪೆಡಲ್, ಶೂ, ಹೆಲ್ಮೆಟ್, ಸೀಟು ಜೊತೆಗಿರಲಿ. ಪೆಡಲಿನ ತಿರುಪು ಎಲ್ಲ ರೋಡ್ ಬೈಕಿಗೂ ಒಂದೇ. ಸೀಟಿನ ವಿಷಯದಲ್ಲಿ ಮಾತ್ರ ಎಚ್ಚರ: ಲೋಹದ ರೈಲು (ಸೀಟಿನ ಅಡಿಯ ಸರಳು) ದುಂಡಗೆ 7 ಮಿ.ಮೀ., ಕಾರ್ಬನ್ ರೈಲು ಸಾಮಾನ್ಯವಾಗಿ 7x9 ಮಿ.ಮೀ. ಮೊಟ್ಟೆಯಾಕಾರದ್ದು. ಒಂದರ ಕ್ಲಾಂಪಿಗೆ ಇನ್ನೊಂದನ್ನು ಹಾಕಿ ಬಿಗಿದರೆ ರೈಲು ಸೀಳುತ್ತದೆ. ಅಂಗಡಿಗೆ ಮೊದಲೇ ತಿಳಿಸಿ.

ಪ್ರಶ್ನೆ: ವಿಮಾನಕ್ಕೆ ಸೈಕಲ್ ಪ್ಯಾಕ್ ಮಾಡುವ ಸರಿಯಾದ ಕ್ರಮ ಹೇಳಿ. ಡಿಸ್ಕ್ ಬ್ರೇಕ್ ಇದೆ. (ಹುಬ್ಬಳ್ಳಿ)

ಮೊದಲು ಸೈಕಲ್ಲನ್ನು ಚೆನ್ನಾಗಿ ಒರೆಸಿ. ಗ್ರೀಸು ಹತ್ತಿದ ಕೈಯಲ್ಲಿ ಪ್ಯಾಕ್ ಮಾಡಿದರೆ ಬಟ್ಟೆ, ಬಾರ್ ಟೇಪ್ ಎಲ್ಲ ಹಾಳು. ಬಿಚ್ಚುವ ಮುನ್ನ ಸೀಟ್ ಪೋಸ್ಟ್ ಎತ್ತರಕ್ಕೂ ಹ್ಯಾಂಡಲ್ ಬಾರಿನ ಕೋನಕ್ಕೂ ಟೇಪಿನಿಂದ ಗುರುತು ಹಾಕಿಕೊಳ್ಳಿ.

ಪೆಡಲಿನಿಂದ ಶುರುಮಾಡಿ. ಎಡ ಪೆಡಲಿನ ತಿರುಪು ಉಲ್ಟಾ, ಪ್ರದಕ್ಷಿಣವಾಗಿ ತಿರುಗಿಸಿದರೆ ಸಡಿಲವಾಗುತ್ತದೆ. ಬಹುತೇಕ ಪೆಡಲ್‌ಗೆ 8 ಮಿ.ಮೀ. ಅಲೆನ್ ಕೀ, ಕೆಲವಕ್ಕೆ 15 ಮಿ.ಮೀ. ಸ್ಪ್ಯಾನರ್. ಆಮೇಲೆ ಹಿಂದಿನ ಡಿರೇಲರ್. ಇದನ್ನು ಬಿಚ್ಚದೆ ಬಿಡುವವರೇ ಹೆಚ್ಚು, ಪೆಟ್ಟು ಬೀಳುವುದೂ ಅದಕ್ಕೇ. 5 ಮಿ.ಮೀ. ಕೀಯಿಂದ, ಅದನ್ನು ಫ್ರೇಮಿಗೆ ಹಿಡಿಸುವ ಹ್ಯಾಂಗರ್ ತುಂಡಿನಿಂದ ಬಿಚ್ಚಿ, ಕೇಬಲ್ ಮತ್ತು ಚೈನ್ ಹಾಗೇ ಇರಿಸಿ, ಬಬಲ್ ರ‍್ಯಾಪ್ ಸುತ್ತಿ, ಫ್ರೇಮಿನ ಹಿಂದಿನ ತ್ರಿಕೋನದ ಒಳಗಡೆ ಕಟ್ಟಿ. ಹ್ಯಾಂಗರ್ ಒಂದೊಂದು ಫ್ರೇಮಿಗೂ ಬೇರೆ. ನಿಮ್ಮ ಫ್ರೇಮಿನದೇ ಒಂದು ಹೆಚ್ಚುವರಿ ಹ್ಯಾಂಗರ್ ಜೊತೆಗಿಟ್ಟುಕೊಳ್ಳಿ. ಅದು ಬಾಗಿದರೆ ಆಲ್ಪ್ಸ್‌ನ ಸಣ್ಣ ಊರಿನ ಅಂಗಡಿಯಲ್ಲಿ ಅದೇ ಮಾದರಿಯದು ಸಿಗುವ ಭರವಸೆ ಇಲ್ಲ.

ಚಕ್ರ ತೆಗೆದ ಕೂಡಲೇ ಬ್ರೇಕ್ ಪ್ಯಾಡ್‌ಗಳ ನಡುವೆ ಪ್ಲಾಸ್ಟಿಕ್ ಸ್ಪೇಸರ್ ಅಥವಾ ಮಡಚಿದ ದಪ್ಪ ರಟ್ಟು ತೂರಿಸಿ. ಸಾಗಣೆಯಲ್ಲಿ ಲಿವರ್ ಒತ್ತಿಕೊಂಡರೆ ಪಿಸ್ಟನ್ ಮುಂದೆ ಬಂದು ಪ್ಯಾಡ್‌ಗಳು ಕೂಡಿಕೊಂಡುಬಿಡುತ್ತವೆ, ಆಮೇಲೆ ಡಿಸ್ಕ್ ಒಳಗೆ ಹೋಗುವುದೇ ಇಲ್ಲ. ಡಿಸ್ಕ್ ಬಿಚ್ಚಿ ಪ್ರತ್ಯೇಕವಾಗಿ ಎರಡು ರಟ್ಟಿನ ನಡುವೆ ಇಡಿ. ಬಾಗಿದ ಡಿಸ್ಕ್ ಪ್ರತಿ ಸುತ್ತಿಗೂ ಉಜ್ಜುತ್ತದೆ. ಫೋರ್ಕಿನ ಎರಡು ಕಾಲುಗಳ ನಡುವೆಯೂ ಹಿಂದಿನ ಚಕ್ರ ಕೂರುವ ಜಾಗದ (ಡ್ರಾಪ್ಔಟ್) ನಡುವೆಯೂ ಅಡ್ಡಗೋಲು ಕೊಟ್ಟು, ಚಕ್ರದ ಅಚ್ಚುಗಳಾದ ತ್ರೂ ಆ್ಯಕ್ಸಲ್‌ಗಳನ್ನು ಅಲ್ಲೇ ತಿರುಗಿಸಿಡಿ, ಕಳೆದುಹೋಗುವುದಿಲ್ಲ.

ಮರಳಿ ಜೋಡಿಸುವಾಗ ಬಿಗಿತ ಅಳೆಯುವ ಟಾರ್ಕ್ ಕೀ ಕೈಯಲ್ಲಿರಲಿ. ಹ್ಯಾಂಡಲ್ ಬಾರ್ ಹಿಡಿಯುವ ಸ್ಟೆಮ್ಮಿನ ಮುಂದಿನ ಬೋಲ್ಟುಗಳಿಗೆ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್, ಆದರೂ ಬಿಡಿಭಾಗದ ಮೇಲೆ ಬರೆದಿರುವ ಅಂಕಿಯೇ ಅಂತಿಮ. ನಾಲ್ಕನ್ನೂ ಅಡ್ಡಡ್ಡವಾಗಿ, ಸ್ವಲ್ಪ ಸ್ವಲ್ಪ ಬಿಗಿಯಿರಿ. ಪೆಟ್ಟಿಗೆಯ ತೂಕ 23 ಕೆ.ಜಿ. ದಾಟದಿದ್ದರೆ ಹೆಚ್ಚಿನ ತಕರಾರಿಲ್ಲ, 32 ದಾಟಿದರೆ ತೆಗೆದುಕೊಳ್ಳುವುದೇ ಕಷ್ಟ. ಸೈಕಲ್ ಇದೆ ಎಂದು ವಿಮಾನ ಸಂಸ್ಥೆಗೆ ಟಿಕೆಟ್ ಕೊಳ್ಳುವಾಗಲೇ ತಿಳಿಸಿ.

ಪ್ರಶ್ನೆ: ವಿಮಾನದಲ್ಲಿ ಟೈರಿನ ಗಾಳಿ ಪೂರ್ತಿ ಬಿಡಬೇಕೇ? ಎಲೆಕ್ಟ್ರಾನಿಕ್ ಗೇರಿನ ಬ್ಯಾಟರಿ ಗತಿ ಏನು? (ಬೆಳಗಾವಿ)

ಟೈರು ಒಡೆಯುತ್ತದೆ ಎಂಬುದು ಸುಮ್ಮನೆ ಭಯ. ಪ್ರಯಾಣಿಕ ವಿಮಾನಗಳ ಸಾಮಾನಿನ ಕೋಣೆಯೊಳಗೂ ಪ್ರಯಾಣಿಕರ ಕೋಣೆಯಷ್ಟೇ ಒತ್ತಡ ಇರುತ್ತದೆ, ಹೆಚ್ಚೆಂದರೆ 2,400 ಮೀ. ಎತ್ತರದ ಬೆಟ್ಟದ ಮೇಲಿನಷ್ಟು ಕಡಿಮೆ. ಅಂದರೆ 80 ಪಿಎಸ್‌ಐ ಇದ್ದ ಟೈರಿಗೆ 84 ಇದ್ದ ಹಾಗೆ, ಅಷ್ಟೇ. ಆದರೂ ಕೌಂಟರಿನಲ್ಲಿ ಗಾಳಿ ಬಿಡಿ ಅನ್ನುವವರಿರುತ್ತಾರೆ. 30 ಪಿಎಸ್‌ಐ ಉಳಿಸಿಕೊಂಡರೆ ರಿಮ್ಮಿಗೂ ರಕ್ಷಣೆ. ಟ್ಯೂಬ್‌ಲೆಸ್ ಟೈರನ್ನಂತೂ ಪೂರ್ತಿ ಚಪ್ಪಟೆ ಮಾಡಬೇಡಿ, ಅಂಚು ರಿಮ್ ಬಿಟ್ಟು ಒಳಗಿನ ಸೀಲಂಟ್ ದ್ರವ ಪೆಟ್ಟಿಗೆ ತುಂಬ ಸುರಿಯುತ್ತದೆ.

ಸ್ರ್ಯಾಮ್ ಎಎಕ್ಸ್‌ಎಸ್ ಬ್ಯಾಟರಿಗಳನ್ನು ಬಿಚ್ಚಿ, ಮುಚ್ಚಳ ಹಾಕಿ ಕೈಚೀಲದಲ್ಲಿಡಿ. ಅಲುಗಾಟಕ್ಕೆ ಅವು ಎಚ್ಚರಗೊಂಡು ಖಾಲಿಯಾಗುತ್ತವೆ. ಶಿಮಾನೋ ಡಿಐ2 ಬ್ಯಾಟರಿ ಫ್ರೇಮಿನೊಳಗೇ ಇರಲಿ, ಆದರೆ ಪೆಟ್ಟಿಗೆಯಲ್ಲಿ ಗೇರ್ ಬಟನ್ ಒತ್ತಿಕೊಳ್ಳದಂತೆ ನೋಡಿ. ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಹೋಗಬೇಕು. ಇ-ಬೈಕಿನ ಬ್ಯಾಟರಿಯನ್ನು ಪ್ರಯಾಣಿಕ ವಿಮಾನದಲ್ಲಿ ಒಯ್ಯುವಂತೆಯೇ ಇಲ್ಲ. ಗಾಳಿ ತುಂಬುವ ಕಾರ್ಬನ್ ಡೈಆಕ್ಸೈಡ್ ಡಬ್ಬಿಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಆ ರಗಳೆ ಬೇಡ, ಚಿಕ್ಕ ಕೈಪಂಪ್ ಒಯ್ದು ಡಬ್ಬಿ ಅಲ್ಲೇ ಕೊಳ್ಳಿ.

ಪ್ರಶ್ನೆ: ಬಲಗಡೆ ಸಂಚಾರಕ್ಕೆ ಹೊಂದಿಕೊಳ್ಳಲು ಏನಾದರೂ ಉಪಾಯ? (ಶಿವಮೊಗ್ಗ)

ಬಲಗಡೆ ಹೋಗುವುದಕ್ಕಿಂತ ಮುಂಚೆ ಬ್ರೇಕಿನ ಮಾತಾಡೋಣ, ಅದು ಹೆಚ್ಚು ಅಪಾಯದ್ದು. ನಮ್ಮಲ್ಲಿ ಹೆಚ್ಚಿನ ಸೈಕಲ್ಲುಗಳಲ್ಲಿ ಬಲಗೈ ಲಿವರ್ ಮುಂದಿನ ಚಕ್ರದ್ದು. ಫ್ರಾನ್ಸ್, ಸ್ಪೇನ್, ಇಟಲಿಯ ಬಾಡಿಗೆ ಸೈಕಲ್ಲುಗಳಲ್ಲಿ ಎಡಗೈ ಲಿವರ್ ಮುಂದಿನದು. ಗಾಬರಿಯಲ್ಲಿ ಹಿಂದಿನ ಬ್ರೇಕ್ ಎಂದುಕೊಂಡು ಎಡಗೈ ಗಟ್ಟಿಯಾಗಿ ಹಿಡಿದರೆ ಮುಂದಿನ ಚಕ್ರ ನಿಂತು ಸವಾರ ಹ್ಯಾಂಡಲ್ ಮೇಲಿಂದ ಹಾರಿ ಬೀಳುತ್ತಾನೆ. ಕೇಬಲ್ ಹೊರಗಿರುವ ರಿಮ್ ಬ್ರೇಕ್ ಆದರೆ ಅಂಗಡಿಯವರು ಅದಲುಬದಲು ಮಾಡಿಕೊಡುತ್ತಾರೆ. ಫ್ರೇಮಿನೊಳಗೆ ಸಾಗುವ ಹೈಡ್ರಾಲಿಕ್ ನಳಿಕೆ ಆದರೆ ಸುಲಭವಲ್ಲ. ಖಾಲಿ ಪಾರ್ಕಿಂಗ್ ಜಾಗದಲ್ಲಿ ಕಾಲು ಗಂಟೆ, ಜೋರಾಗಿ ಬಂದು ಎರಡೂ ಕೈಯಿಂದ ಸಮವಾಗಿ ಹಿಡಿದು ನಿಲ್ಲುವ ಅಭ್ಯಾಸ ಮಾಡದೆ ಇಳಿಜಾರಿಗೆ ಹೋಗಲೇಬೇಡಿ.

ಇನ್ನು ರಸ್ತೆ. ಜನ ತಪ್ಪುವುದು ಟ್ರಾಫಿಕ್ ನಡುವೆ ಅಲ್ಲ, ಅಲ್ಲಿ ಎಲ್ಲರ ಹಿಂದೆ ಸಾಗಿದರಾಯಿತು. ತಪ್ಪುವುದು ಖಾಲಿ ರಸ್ತೆಯಲ್ಲಿ, ಬೇಕರಿ ಮುಂದೆ ನಿಂತು ಮತ್ತೆ ಹೊರಟ ಮೊದಲ ನೂರು ಮೀಟರಿನಲ್ಲಿ. ಪ್ರತಿ ಸಲ ಹೊರಡುವಾಗ 'ಬಲಕ್ಕೆ' ಎಂದು ಬಾಯಿಬಿಟ್ಟು ಹೇಳಿಕೊಳ್ಳಿ. ವೃತ್ತದಲ್ಲಿ ಅಪ್ರದಕ್ಷಿಣವಾಗಿ ಸುತ್ತಬೇಕು, ಎಡದಿಂದ ಬರುವವರಿಗೆ ದಾರಿ ಬಿಡಬೇಕು. ಹೆಲ್ಮೆಟ್ಟಿನ ಕನ್ನಡಿಯನ್ನು ಎಡಕ್ಕೆ ಬದಲಿಸಿ.

ಫ್ರಾನ್ಸಿನ ಹಳ್ಳಿಗಳಲ್ಲಿ ಇನ್ನೊಂದು ನಿಯಮವಿದೆ, ನಮ್ಮವರಿಗೆ ಹೊಳೆಯುವುದೇ ಇಲ್ಲ: ಬೇರೆ ಫಲಕ ಇಲ್ಲದ ಕಡೆ ಬಲಗಡೆಯ ಸಂದಿಯಿಂದ ಬರುವ ವಾಹನಕ್ಕೇ ಮೊದಲ ಹಕ್ಕು. ನೀವು ದೊಡ್ಡ ರಸ್ತೆಯಲ್ಲಿದ್ದೀರಿ ಎಂದು ಅವರು ನಿಲ್ಲುವುದಿಲ್ಲ. ಹಳದಿ ವಜ್ರಾಕಾರದ ಫಲಕ ಕಂಡರೆ ಹಕ್ಕು ನಿಮ್ಮದು, ಅದರ ಮೇಲೆ ಅಡ್ಡಗೆರೆ ಎಳೆದಿದ್ದರೆ ಮುಗಿಯಿತು. ಅಲ್ಲಿ ಕಿವಿಗೆ ಇಯರ್‌ಫೋನ್ ಹಾಕಿ ಸೈಕಲ್ ತುಳಿಯುವುದು ದಂಡಕ್ಕೆ ದಾರಿ. ಕತ್ತಲಲ್ಲಿ ಊರ ಹೊರಗೆ ಪ್ರತಿಫಲಿಸುವ ಜಾಕೆಟ್ ಕಡ್ಡಾಯ. ಸ್ಪೇನಿನಲ್ಲಿ ಊರ ಹೊರಗೆ ಹೆಲ್ಮೆಟ್ ಕಡ್ಡಾಯ. ಎರಡೂ ದೇಶಗಳಲ್ಲಿ ಊರ ಹೊರಗೆ ಸೈಕಲ್ಲನ್ನು ಹಿಂದಿಕ್ಕುವ ವಾಹನ ಒಂದೂವರೆ ಮೀಟರ್ ಅಂತರ ಬಿಡಬೇಕು, ಬಹುಪಾಲು ಬಿಡುತ್ತಾರೆ ಕೂಡ. ನಮ್ಮ ಹೆದ್ದಾರಿಯ ಅಂಚಿನಲ್ಲಿ ಹೆಗಲು ಬಿಗಿದು ತುಳಿದು ಅಭ್ಯಾಸವಾದ ಸವಾರನಿಗೆ ಇದಕ್ಕಿಂತ ದೊಡ್ಡ ನೆಮ್ಮದಿ ಇಲ್ಲ.

ಪ್ರಶ್ನೆ: ಏರು ಸರಿ, ಇಳಿಯಲು ಭಯ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾಗುತ್ತದಂತೆ? (ಮಡಿಕೇರಿ)

ಬಿಸಿಯಾಗುತ್ತದೆ, ಭಯ ನ್ಯಾಯವಾದದ್ದೇ. 84 ಕೆ.ಜಿ. ತೂಕ 1,100 ಮೀ. ಕೆಳಗಿಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 9 ಲಕ್ಷ ಜೂಲ್, ಎರಡೂವರೆ ಲೀಟರ್ ತಣ್ಣೀರನ್ನು ಕುದಿಗೆ ತರುವಷ್ಟು. ಅದನ್ನು ಗಾಳಿಯ ತಡೆ ಮತ್ತು ಬ್ರೇಕ್ ಹಂಚಿಕೊಳ್ಳುತ್ತವೆ. ಹೆದರಿ ಗಂಟೆಗೆ 20 ಕಿ.ಮೀ.ನಲ್ಲಿ ಬ್ರೇಕ್ ಬಿಡದೆ ಉಜ್ಜುತ್ತಾ ಇಳಿದರೆ ಗಾಳಿಯ ಪಾಲು ಬಹಳ ಕಡಿಮೆ, ಶಾಖವೆಲ್ಲ ಬ್ರೇಕಿಗೇ, ತಣಿಯಲು ಬಿಡುವೂ ಇಲ್ಲ. ನೇರ ದಾರಿಯಲ್ಲಿ ಬಿಟ್ಟು ಇಳಿದು, ತಿರುವಿನ ಮುನ್ನ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು, ತಿರುಗುವಾಗ ಬಿಟ್ಟರೆ ಪ್ಯಾಡಿಗೆ ಗಾಳಿಯಾಡುತ್ತದೆ. ಕೈ ಕೆಳ ಹಿಡಿಕೆಯಲ್ಲಿರಲಿ, ಕಣ್ಣು ತಿರುವಿನ ಕೊನೆಯ ಮೇಲಿರಲಿ, ಹೊರಗಿನ ಕಾಲು ಕೆಳಗೆ.

ರಿಮ್ ಬ್ರೇಕಿನ ಕಾರ್ಬನ್ ಚಕ್ರವನ್ನು ಈ ಬೆಟ್ಟಗಳಿಗೆ ತರಬೇಡಿ ಎಂಬುದೇ ನಮ್ಮ ಸಲಹೆ. ಶಾಖಕ್ಕೆ ರಾಳ ಮೆದುವಾಗಿ ರಿಮ್ ಅಂಚು ಬಾಗುತ್ತದೆ, ಒಳಗೆ ಲೇಟೆಕ್ಸ್ ಟ್ಯೂಬ್ ಇದ್ದರೆ ಸಿಡಿಯುತ್ತದೆ. ಅಲ್ಯೂಮಿನಿಯಂ ರಿಮ್ ಹಾಕಿ. ಡಿಸ್ಕ್ ಇದ್ದವರು ಹೊರಡುವ ಮುನ್ನ ಪ್ಯಾಡ್ ಹೊಸದು ಹಾಕಿಸಿ, ಬ್ರೇಕ್ ಆಯಿಲ್ ಬ್ಲೀಡ್ ಮಾಡಿಸಿ (ಒಳಗಿನ ಗಾಳಿ ತೆಗೆಸಿ). ಇಳಿಯುತ್ತಾ ಲಿವರ್ ಹ್ಯಾಂಡಲಿನ ಕಡೆಗೆ ಆಳವಾಗಿ ಹೋಗತೊಡಗಿದರೆ ಬದಿಗೆ ನಿಲ್ಲಿಸಿ ಹತ್ತು ನಿಮಿಷ ತಣಿಯಲು ಬಿಡಿ. ಡಿಸ್ಕನ್ನು ಬೆರಳಿನಿಂದ ಮುಟ್ಟಿ ನೋಡಬೇಡಿ.

ಬ್ರೇಕಿನಷ್ಟೇ ಮುಖ್ಯ ಚಳಿ. ಪ್ರತಿ 1,000 ಮೀ. ಎತ್ತರಕ್ಕೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಬೂರ್ ದ್ವಾಜಾನ್‌ನಲ್ಲಿ 28 ಡಿಗ್ರಿ ಇದ್ದ ದಿನ 2,642 ಮೀ. ಎತ್ತರದ ಕೋಲ್ ದ್ಯು ಗಾಲಿಬಿಯೆ ಕಣಿವೆದಾರಿಯ ಮೇಲೆ 16ರ ಆಸುಪಾಸು. ಬೆವರಿನಲ್ಲಿ ನೆನೆದ ಮೈಗೆ ಗಂಟೆಗೆ 50 ಕಿ.ಮೀ. ಗಾಳಿ ಬಡಿದರೆ ಐದು ನಿಮಿಷದಲ್ಲಿ ಬೆರಳು ಮರಗಟ್ಟಿ ಲಿವರ್ ಒತ್ತಲಾಗುವುದಿಲ್ಲ. ಮಡಚಿ ಜೇಬಿಗೆ ಹಾಕುವ ಗಾಳಿತಡೆ ಜಾಕೆಟ್, ತೋಳುಪಟ್ಟಿ, ಪೂರ್ತಿ ಬೆರಳಿನ ತೆಳು ಗ್ಲೌಸ್, ಈ ಮೂರೂ ಜುಲೈನಲ್ಲೂ ಬೇಕು. ತುದಿಗೆ ತಲುಪಿದ ಕೂಡಲೇ ಹಾಕಿಕೊಳ್ಳಿ, ಫೋಟೊ ಆಮೇಲೆ. ಮೈ ನಡುಗಿದರೆ ಸೈಕಲ್ಲೂ ನಡುಗತೊಡಗಬಹುದು. ಆಗ ಮಂಡಿಯನ್ನು ಮೇಲಿನ ಕೊಳವೆಗೆ ಒತ್ತಿ ಹಿಡಿದು, ಹಿಡಿತ ಸಡಿಲಿಸಿ, ಹಿಂದಿನ ಬ್ರೇಕಿನಿಂದ ಮೆಲ್ಲಗೆ ವೇಗ ಇಳಿಸಿ.

ಗಾಲಿಬಿಯೆ ಬಗ್ಗೆ ಒಂದು ಮಾತು: ತುದಿಯ ಕೆಳಗೆ ಒಂದು ಸುರಂಗ ಇದೆ, ಅದರಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ. ಮೇಲಿನ ರಸ್ತೆಯ ಕಡಿದಾದ ಕೊನೆಯ ಕಿಲೋಮೀಟರಿಗೆ ಕಾಲಿನಲ್ಲಿ ಏನಾದರೂ ಉಳಿಸಿಕೊಂಡಿರಿ.

ಪ್ರಶ್ನೆ: ಸಸ್ಯಾಹಾರಿ, ಮೊಟ್ಟೆಯೂ ತಿನ್ನುವುದಿಲ್ಲ. ಐದಾರು ಗಂಟೆ ತುಳಿಯುವಾಗ ಏನು ತಿನ್ನಲಿ? (ಉಡುಪಿ)

ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್, ಅರ್ಧದಿಂದ ಮುಕ್ಕಾಲು ಲೀಟರ್ ನೀರು, ಇದು ಗುರಿ. ಹಸಿವಾಗುವವರೆಗೆ ಕಾಯಬೇಡಿ, ಇಪ್ಪತ್ತು ನಿಮಿಷಕ್ಕೊಮ್ಮೆ ಬಾಯಿಗೆ ಏನಾದರೂ ಹೋಗಲಿ. ಅರ್ಧ ಲೀಟರ್ ಬಾಟಲಿಗೆ 40 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು, ನಿಂಬೆರಸ ಹಾಕಿದರೆ ಮೂರನೇ ಎರಡು ಭಾಗ ಅಲ್ಲೇ ಮುಗಿಯಿತು. ಉಳಿದದ್ದಕ್ಕೆ ಒಂದು ಬಾಳೆಹಣ್ಣು ಸಾಕು. ಕಡಲೆಕಾಯಿ ಚಿಕ್ಕಿ, ಒಣ ಖರ್ಜೂರ ಜೇಬಿನಲ್ಲಿ ಕೆಡುವುದಿಲ್ಲ. ಹಾಲು, ತುಪ್ಪ, ಪನೀರಿನಂಥ ಪದಾರ್ಥಗಳನ್ನು ಭಾರತದಿಂದ ಯುರೋಪ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ.

ಫ್ರಾನ್ಸಿನ ಬೇಕರಿಯ ಸಾಂಪ್ರದಾಯಿಕ ಬಗೆಟ್ (ಉದ್ದನೆಯ ಬ್ರೆಡ್) ಹಿಟ್ಟು, ನೀರು, ಉಪ್ಪು, ಯೀಸ್ಟಿನದು, ನೀವು ನಿಶ್ಚಿಂತೆಯಿಂದ ತಿನ್ನಬಹುದು. ಕಾಲು ಬಗೆಟ್ಟಿಗೆ ಜಾಮ್ ಹಚ್ಚಿದರೆ 45-50 ಗ್ರಾಂ ಕಾರ್ಬೋಹೈಡ್ರೇಟ್ ಸಿಗುತ್ತದೆ. ಬ್ರಿಯೋಶ್‌ನಲ್ಲಿ ಮೊಟ್ಟೆ ಇರುತ್ತದೆ, ಕ್ರ್ವಾಸಾನ್ ಮೇಲೂ ಹೊಳಪಿಗೆ ಮೊಟ್ಟೆ ಬಳಿಯುತ್ತಾರೆ. ಆ ಸೀಮೆಯ ಬೋಫೋರ್, ಕೊಂತೆ ಚೀಸ್‌ಗಳಿಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಹೆಪ್ಪು ಬಳಸುತ್ತಾರೆ. ಮಯೋರ್ಕಾದಲ್ಲಿ ಪ್ರತಿ ಕಾಫಿ ಅಂಗಡಿಯ ಕಪಾಟಿನಲ್ಲೂ ಸುರುಳಿ ಸುತ್ತಿದ ಎನ್ಸೈಮಾದ ಎಂಬ ಸಿಹಿ ರೊಟ್ಟಿ ಕಾಣುತ್ತದೆ. ನೋಡಲು ನಿರಪಾಯ, ಆದರೆ ಅದಕ್ಕೆ ಹಾಕುವುದು ಹಂದಿಯ ಕೊಬ್ಬು.

ಹೊತ್ತಿನ ವಿಚಾರ ಇದಕ್ಕಿಂತ ಕಠಿಣ. ಫ್ರಾನ್ಸಿನ ಸಣ್ಣ ಊರಿನ ಹೋಟೆಲುಗಳಲ್ಲಿ ಅಡುಗೆಮನೆ ಮಧ್ಯಾಹ್ನ 12ರಿಂದ 2ರವರೆಗೆ, ಮತ್ತೆ ಸಂಜೆ 7ರ ನಂತರ. ಮೂರು ಗಂಟೆಗೆ ಹಸಿದು ಬಂದವರಿಗೆ ಕಾಫಿ ಬಿಟ್ಟು ಬೇರೇನೂ ಸಿಗದು. ಭಾನುವಾರ ಮಧ್ಯಾಹ್ನ, ಸೋಮವಾರ ಅನೇಕ ಅಂಗಡಿ ಮುಚ್ಚಿರುತ್ತವೆ. ಊರ ನಲ್ಲಿಯ ಮೇಲೆ 'ಓ ನೋಂ ಪೊತಾಬ್ಲ್' ಎಂದಿದ್ದರೆ ಕುಡಿಯುವಂತಿಲ್ಲ, 'ಓ ಪೊತಾಬ್ಲ್' ಎಂದಷ್ಟೇ ಇದ್ದರೆ ಬಾಟಲಿ ತುಂಬಿಸಿಕೊಳ್ಳಿ.

ಪ್ರಶ್ನೆ: ದುಬಾರಿ ಸೈಕಲ್ ಒಯ್ದು ಮರಳುವಾಗ ಕಸ್ಟಮ್ಸ್ ತೊಂದರೆ? ವಿಮೆ? (ಮೈಸೂರು)

ಹೊರಡುವಾಗಲೇ ನಮ್ಮ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಬಿಲ್ಲು, ಫೋಟೊ, ಫ್ರೇಮ್ ನಂಬರ್ ಬೇಕು, ನಂಬರ್ ಸಾಮಾನ್ಯವಾಗಿ ಕ್ರ್ಯಾಂಕಿನ ಅಡಿಯಲ್ಲಿರುತ್ತದೆ. ಪೆಟ್ಟಿಗೆ ಬೆಲ್ಟಿಗೆ ಹೋಗುವ ಮುನ್ನ ಈ ಕೆಲಸ ಆಗಬೇಕು, ಹಾಗಾಗಿ ಒಂದು ಗಂಟೆ ಮುಂಚೆ ಬನ್ನಿ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಹೇಗೂ ಬೇಕು. ಆದರೆ ಆ ಪಾಲಿಸಿಯಲ್ಲಿ ಬೆಟ್ಟದಿಂದ ರಕ್ಷಣೆ ಮತ್ತು ಸೈಕಲ್ ಅಪಘಾತ ಸೇರಿದೆಯೇ, ಸ್ಪರ್ಧೆಯನ್ನು ಹೊರಗಿಟ್ಟಿದ್ದಾರೆಯೇ ಎಂದು ಓದಿ ನೋಡಿ. ತುರ್ತಿಗೆ ಯುರೋಪ್ ಒಕ್ಕೂಟದಾದ್ಯಂತ 112.

ಪ್ರಶ್ನೆ: ಮಯೋರ್ಕಾದ ಸಾ ಕಲೋಬ್ರ ರಸ್ತೆ ಎಷ್ಟು ಕಷ್ಟ? ಯಾವ ತಿಂಗಳು? (ಧಾರವಾಡ)

9.4 ಕಿ.ಮೀ., ಸರಾಸರಿ ಶೇ. 7. ಕಷ್ಟ ಏನೆಂದರೆ ಮೊದಲು ಸಮುದ್ರದವರೆಗೆ ಇಳಿಯಬೇಕು, ಆಮೇಲೆ ಅದೇ ದಾರಿಯಲ್ಲಿ ಹತ್ತಬೇಕು. ರಸ್ತೆ ತನ್ನದೇ ಅಡಿಯಲ್ಲಿ ನುಸುಳಿ ಕುಣಿಕೆ ಹಾಕುವ ತಿರುವು ನೋಡಲೇಬೇಕಾದದ್ದು. ಪ್ರವಾಸಿ ಬಸ್ಸುಗಳು ಬರುವ ಮುನ್ನ, ಬೆಳಿಗ್ಗೆ ಒಂಬತ್ತರೊಳಗೆ ಕೆಳಗಿರಿ. ಏಪ್ರಿಲ್-ಮೇ ಅಥವಾ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಸೂಕ್ತ. ಗಾಲಿಬಿಯೆಯಂಥ ಎತ್ತರದ ಕಣಿವೆದಾರಿಗಳಿಗಾದರೆ ಜೂನ್ ಮಧ್ಯದಿಂದ ಸೆಪ್ಟೆಂಬರ್, ಉಳಿದಂತೆ ಹಿಮಕ್ಕೆ ಮುಚ್ಚಿರುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ನನ್ನ ಯಜಮಾನರಿಗೆ ಫ್ರಾನ್ಸಿನ ಮೊಂ ವಾಂತೂ ಬೆಟ್ಟ ಹತ್ತುವ ಹಟ. ನನಗೆ ಅಷ್ಟು ಕಡಿದು ಬೇಡ. ಇಬ್ಬರಿಗೂ ಹೊಂದುವ ಊರು ಇದೆಯೇ? (ದಾವಣಗೆರೆ)

ಸೋ ಎಂಬ ಊರಿನಲ್ಲಿ ತಂಗಿ. ವಾಂತೂಗೆ ಮೂರು ದಾರಿ. ಬೆದ್ವಾನ್ ಕಡೆಯದು ಸುಮಾರು 21 ಕಿ.ಮೀ.ಗೆ 1,600 ಮೀ. ಏರಿ ಕಾಡಿನೊಳಗೆ ಕಡಿದಾಗಿ ಸಾಗುತ್ತದೆ, ಮಾಲೊಸೇನ್ ಕಡೆಯದೂ ಅಷ್ಟೇ ಬಿಗಿ. ಸೋ ಕಡೆಯದು 26 ಕಿ.ಮೀ., ಸರಾಸರಿ ಶೇ. 4.5 ಮಾತ್ರ. ಶಾಲೆ ರೇನಾರ್ ಎಂಬ ಹೋಟೆಲಿನವರೆಗೆ ಆರಾಮವಾಗಿ ಹೋಗಬಹುದು. ಅಲ್ಲಿಂದ ಕೊನೆಯ ಆರು ಕಿ.ಮೀ. ಬೋಳು ಬಿಳಿಗಲ್ಲಿನ ನಡುವೆ, ಕಡಿದಾಗಿ. ಬೇಡವೆನಿಸಿದರೆ ನೀವು ಅಲ್ಲೇ ಕಾಫಿ ಕುಡಿಯುತ್ತಾ ಕಾಯಬಹುದು. ಮಿಸ್ಟ್ರಾಲ್ ಗಾಳಿ ಬೀಸುವ ದಿನ ಅವರೂ ಮೇಲೆ ಹೋಗದಿರುವುದೇ ಒಳ್ಳೆಯದು. ತುದಿಯಲ್ಲಿ ಅದು ಸೈಕಲ್ಲನ್ನೇ ಪಕ್ಕಕ್ಕೆ ತಳ್ಳುತ್ತದೆ, ಎತ್ತರದ ರಿಮ್ಮಿನ ಚಕ್ರ ಹಾಕಿದ್ದರಂತೂ ಇಳಿಯುವಾಗ ಅಪಾಯ.

ನಿಮಗೆಂದೇ ಮಾಡಿಸಿದಂತಿರುವುದು ನೆಸ್ಕ್ ಕಮರಿಯ ರಸ್ತೆ. ವಿಲ್ ಸುರ್ ಓಜೋಂ ಊರಿನಿಂದ ಸೋ ಕಡೆಗೆ, ಬಂಡೆಯ ಅಂಚಿನಲ್ಲಿ ನಿಧಾನವಾಗಿ ಏರುತ್ತದೆ, ವಾಹನ ಕಡಿಮೆ. ನಡುವೆ ಬಂಡೆ ಕೊರೆದ ಚಿಕ್ಕ ಸುರಂಗಗಳಿವೆ, ಹಿಂದೆ ಮುಂದೆ ದೀಪ ಹಾಕಿಕೊಳ್ಳಿ, ತಂಪು ಕನ್ನಡಕ ತೆಗೆಯಿರಿ. ನಡುವೆ ಊರುಗಳು ವಿರಳ, ಬಾಟಲಿ ಎರಡೂ ತುಂಬಿರಲಿ. ಜುಲೈ ಮೊದಲರ್ಧದಲ್ಲಿ ಹೋದರೆ ಸೋ ಸುತ್ತಿನ ಲ್ಯಾವೆಂಡರ್ ಹೊಲಗಳು ಹೂ ಬಿಟ್ಟಿರುತ್ತವೆ. ಆ ಹೊತ್ತಿಗೆ ಜೇನು ಹೆಚ್ಚು, ಜೆರ್ಸಿಯ ಜಿಪ್ ಕುತ್ತಿಗೆಯವರೆಗೆ ಎಳೆದುಕೊಂಡೇ ತುಳಿಯಿರಿ.